ಊಟದ ಮೇಜಿಗೆ ಹಳೆಯ ಪಾತ್ರೆಗಳು: ಯಾವುದು ದಿನಬಳಕೆಗೆ, ಯಾವುದು ಕಪಾಟಿಗೆ

ಹಳೆಯ ತಟ್ಟೆ, ಚಮಚ, ಗಾಜಿನ ಲೋಟ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಇದು ಎಷ್ಟು ಹಳೆಯದು?’ ಎಂದು. ಊಟಕ್ಕೆ ಬಳಸುವ ಉದ್ದೇಶವಿದ್ದರೆ ಆ ಪ್ರಶ್ನೆ ಮೂರನೆಯದಾಗಬೇಕು. ಮೊದಲನೆಯದು, ಯಾವುದರಿಂದ ಮಾಡಿದ್ದು? ಎರಡನೆಯದು, ಈಗ ಯಾವ ಸ್ಥಿತಿಯಲ್ಲಿದೆ? 1890ರ ಒಂದು ಗಟ್ಟಿ ಪಿಂಗಾಣಿ ತಟ್ಟೆ ಇಂದಿಗೂ ದಿನಕ್ಕೆರಡು ಹೊತ್ತಿನ ಊಟವನ್ನು ತಾಳಿಕೊಳ್ಳಬಲ್ಲದು. 1950ರ ಒಂದು ಬಣ್ಣದ ಮಣ್ಣಿನ ತಟ್ಟೆ ಗೋಡೆಗೆ ಮಾತ್ರ ಲಾಯಕ್ಕಾಗಿರಬಹುದು. ನೂರು ವರ್ಷ ದಾಟಿದ್ದನ್ನು ಆಂಟಿಕ್ ಎಂದೂ, ಸುಮಾರು ಇಪ್ಪತ್ತರಿಂದ ನೂರು ವರ್ಷದೊಳಗಿನದನ್ನು ವಿಂಟೇಜ್ ಎಂದೂ ಕರೆಯುವುದು ವ್ಯಾಪಾರದ ರೂಢಿ. ಬಳಸುವವರಿಗೆ ಆ ಗೆರೆಯಿಂದ ದೊಡ್ಡ ಉಪಯೋಗವಿಲ್ಲ.

ತಟ್ಟೆ, ಬಟ್ಟಲು: ಮೂರು ಜಾತಿ

ಹಳೆಯ ಸಾಮಾನಿನ ರಾಶಿಯಲ್ಲಿ ಸಿಗುವ ಬಿಳಿ ತಟ್ಟೆಗಳೆಲ್ಲ ದೂರದಿಂದ ಒಂದೇ ಥರ ಕಾಣುತ್ತವೆ. ಕೈಗೆತ್ತಿಕೊಂಡರೆ ಬೇರೆ ಬೇರೆ.

ಗಟ್ಟಿ ಪಿಂಗಾಣಿಯನ್ನು ಕೇವೊಲಿನ್ ಎಂಬ ಬಿಳಿ ಜೇಡಿಮಣ್ಣಿನಿಂದ ಮಾಡಿ ಸುಮಾರು 1300ರಿಂದ 1400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಯುರೋಪಿನಲ್ಲಿ ಇದರ ಗುಟ್ಟು ಬಿಡಿಸಿದ್ದು ಜರ್ಮನಿಯ ಸ್ಯಾಕ್ಸನಿಯಲ್ಲಿ. ಅಲ್ಲಿನ ಮೈಸನ್ ಊರಿನ ಕಾರ್ಖಾನೆ ಶುರುವಾದದ್ದು 1710ರಲ್ಲಿ. ಫ್ರಾನ್ಸಿನ ಲಿಮೋಜ್, ಜರ್ಮನಿಯ ಬವೇರಿಯಾ, ಜಪಾನಿನ ನೊರಿಟಾಕೆ ಹೆಸರಿನಲ್ಲಿ ಸಿಗುವ ಬಹುಪಾಲು ತಟ್ಟೆಗಳು ಈ ಜಾತಿಯವು. ಬಿಳುಪಿನಲ್ಲಿ ತುಸು ನೀಲಿ ಅಥವಾ ಬೂದಿಯ ಛಾಯೆ ಇರುತ್ತದೆ. ಗ್ಲೇಜ್, ಅಂದರೆ ಮೇಲಿನ ಗಾಜಿನಂಥ ಹೊದಿಕೆ, ಗಟ್ಟಿ; ಚಾಕುವಿನ ಗೀರು ಸುಲಭವಾಗಿ ಬೀಳುವುದಿಲ್ಲ.

ಬೋನ್ ಚೈನಾ ಇಂಗ್ಲೆಂಡಿನದು. 18ನೇ ಶತಮಾನದ ಕೊನೆಯಲ್ಲಿ ಸ್ಪೋಡ್ ಕಾರ್ಖಾನೆ ಇದರ ಹದವನ್ನು ನೆಲೆಗೊಳಿಸಿತು: ಅರ್ಧದಷ್ಟು ಸುಟ್ಟ ಮೂಳೆಯ ಬೂದಿ, ಉಳಿದರ್ಧದಲ್ಲಿ ಜೇಡಿಮಣ್ಣು ಮತ್ತು ಕಾರ್ನ್‌ವಾಲ್ ಕಲ್ಲು. ಬಣ್ಣ ಕೆನೆಬಿಳುಪು. ಎಷ್ಟು ತೆಳುವೆಂದರೆ ತಟ್ಟೆಯ ಹಿಂದೆ ಬೆರಳಿಟ್ಟು ದೀಪಕ್ಕೆ ಹಿಡಿದರೆ ಬೆರಳಿನ ನೆರಳು ಕಾಣುತ್ತದೆ. ತೆಳುವಾದ್ದರಿಂದ ಬೇಗ ಒಡೆಯುತ್ತದೆ ಎಂದು ಬಹಳ ಜನ ಇದನ್ನು ಕಪಾಟಿನಲ್ಲೇ ಇಡುತ್ತಾರೆ. ಅದು ತಪ್ಪು ತಿಳಿವಳಿಕೆ. ಅಂಚು ಚಕ್ಕೆ ಏಳದಿರುವ ವಿಷಯದಲ್ಲಿ ಬೋನ್ ಚೈನಾ ಮಣ್ಣಿನ ತಟ್ಟೆಗಿಂತ ಎಷ್ಟೋ ಗಟ್ಟಿ. ಅದರ ದೌರ್ಬಲ್ಯ ಇರುವುದು ಮೈಯಲ್ಲಲ್ಲ, ಮೇಲಿನ ಚಿನ್ನದ ಗೆರೆಯಲ್ಲಿ.

ಮೂರನೆಯದು ಮಣ್ಣಿನ ಜಾತಿ, ಅಂದರೆ ಅರ್ದನ್‌ವೇರ್. ಕೆನೆಬಣ್ಣದ ಕ್ರೀಮ್‌ವೇರ್, ನೀಲಿ ಚಿತ್ರ ಅಚ್ಚೊತ್ತಿದ ಟ್ರಾನ್ಸ್‌ಫರ್‌ವೇರ್, 1930ರ ದಶಕದ ಗಾಢ ಬಣ್ಣದ ತಟ್ಟೆಗಳು ಬಹುತೇಕ ಈ ಗುಂಪಿಗೆ ಸೇರಿದವು. 1813ರಲ್ಲಿ ಇಂಗ್ಲೆಂಡಿನ ಮೇಸನ್ ಹೆಸರಿನಲ್ಲಿ ಪೇಟೆಂಟ್ ಆದ ಐರನ್‌ಸ್ಟೋನ್ ಇದೇ ಕುಟುಂಬದ ದಪ್ಪ, ಭಾರದ ಸೋದರ. ಮಣ್ಣಿನ ಮೈ ಒಳಗೆ ಸೂಕ್ಷ್ಮ ರಂಧ್ರಗಳಿರುತ್ತವೆ; ಗ್ಲೇಜ್ ಹೊದಿಕೆ ಇರುವ ತನಕ ನೀರು ಒಳಗೆ ಇಳಿಯುವುದಿಲ್ಲ. ಹೊದಿಕೆ ಸೀಳಿದರೆ ಎಣ್ಣೆ, ಸಾರು, ಸೋಪು ನೀರು ಎಲ್ಲವೂ ಒಳಗಿಳಿದು ಕಂದು ಕಲೆಯಾಗಿ ಕೂರುತ್ತವೆ.

ಗುರುತು ಹಿಡಿಯಲು ಎರಡು ಪರೀಕ್ಷೆ ಸಾಕು. ಒಂದು, ದೀಪಕ್ಕೆ ಹಿಡಿಯುವುದು: ಬೆಳಕು ಹಾಯ್ದರೆ ಪಿಂಗಾಣಿ ಅಥವಾ ಬೋನ್ ಚೈನಾ, ಹಾಯದಿದ್ದರೆ ಬಹುಮಟ್ಟಿಗೆ ಮಣ್ಣಿನದು. ಎರಡು, ತಟ್ಟೆಯನ್ನು ಮೂರು ಬೆರಳ ತುದಿಯ ಮೇಲೆ ಕೂರಿಸಿ ಅಂಚಿಗೆ ಉಗುರಿನಿಂದ ಮೀಟುವುದು. ಪಿಂಗಾಣಿ ಗಂಟೆಯಂತೆ ನಾದ ಬಿಡುತ್ತದೆ, ಮಣ್ಣಿನದು ‘ಟಕ್’ ಎಂದು ನಿಲ್ಲುತ್ತದೆ. ಪಿಂಗಾಣಿ ಎಂದು ಖಚಿತವಾದ ತಟ್ಟೆಯೂ ಗರಗರ ಎಂದರೆ ಎಲ್ಲೋ ಕೂದಲೆಳೆ ಬಿರುಕಿದೆ ಎಂದೇ ತಿಳಿಯಿರಿ, ಕಣ್ಣಿಗೆ ಕಾಣದಿದ್ದರೂ.

ಪ್ರತಿದಿನ ಬಳಸಲು ಆರಿಸುವುದಾದರೆ 1920ರಿಂದ 1970ರ ನಡುವಿನ ಪಿಂಗಾಣಿ ಅಥವಾ ಬೋನ್ ಚೈನಾ, ಅದರಲ್ಲೂ ಚಿನ್ನದ ಅಂಚಿಲ್ಲದ್ದು, ಉಳಿದೆಲ್ಲಕ್ಕಿಂತ ಮೇಲು. ಐರನ್‌ಸ್ಟೋನ್ ಎರಡನೆಯ ಆಯ್ಕೆ, ಗ್ಲೇಜ್ ಸೀಳಿಲ್ಲದಿದ್ದರೆ ಮಾತ್ರ. ಹಳೆಯ ಕ್ರೀಮ್‌ವೇರ್ ಎಷ್ಟು ಚೆಲುವೆಂದರೆ ಅದನ್ನು ಬಿಟ್ಟು ಬರಲು ಮನಸ್ಸಾಗದು. ತಂದರೆ ಒಣ ತಿನಿಸು, ಇಡಿಯಾದ ಹಣ್ಣು ಇಡಲು ಬಳಸಿ. ಬಿಸಿ, ಎಣ್ಣೆ, ಹುಳಿ ಬೇಡ.

ಚಿತ್ತಾರ ಗ್ಲೇಜಿನ ಕೆಳಗೋ, ಮೇಲೋ

ವಸ್ತು ಯಾವುದೆಂದು ತಿಳಿದ ಮೇಲೆ ನೋಡಬೇಕಾದ್ದು ಇದೇ. ಎರಡು ತಟ್ಟೆಗಳ ನಡುವೆ ಮನಸ್ಸು ತೂಗುತ್ತಿದ್ದರೆ ಇಷ್ಟರಿಂದಲೇ ತೀರ್ಮಾನ ಮಾಡಬಹುದು.

ಕೆಲವು ತಟ್ಟೆಗಳಲ್ಲಿ ಬಣ್ಣವನ್ನು ಮೊದಲು ಬಳಿದು, ಅದರ ಮೇಲೆ ಗ್ಲೇಜ್ ಹಾಕಿ ಸುಟ್ಟಿರುತ್ತಾರೆ. ಚಿತ್ತಾರ ಗಾಜಿನ ಹಾಳೆಯ ಅಡಿಯಲ್ಲಿರುವಂತೆ ಭದ್ರ. ನೀಲಿ ಬಿಳಿ ತಟ್ಟೆಗಳು ಇಷ್ಟೊಂದು ಉಳಿದುಬಂದದ್ದು ಇದರಿಂದಲೇ. ಕೋಬಾಲ್ಟ್ ನೀಲಿ ಆ ಬಿಸಿಯನ್ನು ತಡೆದುಕೊಳ್ಳುವ ಕೆಲವೇ ಬಣ್ಣಗಳಲ್ಲೊಂದು. ಸ್ಪೋಡ್‌ನ ಬ್ಲೂ ಇಟಾಲಿಯನ್ 1816ರಿಂದ, ರಾಯಲ್ ಕೋಪನ್‌ಹೇಗನ್‌ನ ನೀಲಿ ಗೆರೆಯ ಬ್ಲೂ ಫ್ಲೂಟೆಡ್ 1775ರಿಂದ ಬಂದ ಚಿತ್ತಾರಗಳು. ಇಂಥವನ್ನು ಆರಿಸಿದವರಿಗೆ ಇನ್ನೊಂದು ಅನುಕೂಲವಿದೆ: ಒಂದು ಒಡೆದರೆ ಜೋಡಿ ಹುಡುಕುವುದು ಸುಲಭ.

ಇನ್ನು ಕೆಲವದರಲ್ಲಿ ಗ್ಲೇಜ್ ಸುಟ್ಟ ಮೇಲೆ ಅದರ ಮೇಲೆ ಬಣ್ಣ ಹಚ್ಚಿ, ಸುಮಾರು 700ರಿಂದ 850 ಡಿಗ್ರಿಯಲ್ಲಿ ಮತ್ತೊಮ್ಮೆ ಸುಡುತ್ತಾರೆ. ಗುಲಾಬಿ, ಹಳದಿ, ಕೆಂಪು ಹೂಗಳು, ಚಿನ್ನದ ಗೆರೆಗಳು ಬರುವುದು ಹೀಗೆ. ಅಷ್ಟು ಕಡಿಮೆ ಬಿಸಿಗೆ ಬಣ್ಣ ಕರಗಿ ಅಂಟಲು ಹಿಂದೆ ಸೀಸ ಸೇರಿಸುತ್ತಿದ್ದರು. ತಟ್ಟೆಯನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಹೂವಿನ ಮೇಲೆ ಹೊಳಪು ಬೇರೆಯಾಗಿದ್ದರೆ, ಬೆರಳ ತುದಿಗೆ ಉಬ್ಬು ಸಿಕ್ಕರೆ, ಅದು ಮೇಲಿನ ಬಣ್ಣ. ಊಟ ತಾಗುವ ನಡುಭಾಗದಲ್ಲಿ ಅಂಥ ಬಣ್ಣವಿದ್ದು, ಮಸುಕಾಗಿಯೋ ಪುಡಿಯಾಗಿಯೋ ಸವೆದಿದ್ದರೆ ಆ ತಟ್ಟೆಯಲ್ಲಿ ತಿನ್ನಬೇಡಿ. ಅಂಚಿನಲ್ಲಷ್ಟೇ ಇದ್ದು ನಡುಭಾಗ ಬರೀ ಬಿಳಿಯಾಗಿದ್ದರೆ ಆತಂಕ ಕಡಿಮೆ.

ಸೀಸದ ಪರೀಕ್ಷೆಗೆ ಸಿಗುವ ಹತ್ತಿಕಡ್ಡಿಯ ಕಿಟ್‌ಗಳನ್ನು ಅರ್ಧ ಮಾತ್ರ ನಂಬಿ. ಕೆಂಪು ತಿರುಗಿದರೆ ಸೀಸವಿದೆ. ತಿರುಗದಿದ್ದರೆ ಆ ಜಾಗದ ಮೇಲ್ಮೈಯಲ್ಲಿ ಆ ಕಡ್ಡಿಗೆ ಸಿಗುವಷ್ಟು ಇಲ್ಲ ಎಂದಷ್ಟೇ ಅರ್ಥ. ಪ್ರಯೋಗಾಲಯದ ಕ್ರಮ ಬೇರೆ: 4 ಶೇಕಡಾ ಅಸಿಟಿಕ್ ಆಮ್ಲವನ್ನು ತಟ್ಟೆಯಲ್ಲಿ 24 ಗಂಟೆ ನಿಲ್ಲಿಸಿ, ಅದರೊಳಗೆ ಎಷ್ಟು ಸೀಸ ಮತ್ತು ಕ್ಯಾಡ್ಮಿಯಂ ಇಳಿಯಿತೆಂದು ಅಳೆಯುತ್ತಾರೆ. ಸೀಸವನ್ನು ಎಳೆಯುವುದು ಹುಳಿ ಮತ್ತು ಸಮಯ ಎಂಬುದು ಇದರಿಂದ ತಿಳಿಯುತ್ತದೆ; ಬಿಸಿಯೂ ಅದಕ್ಕೆ ಸೇರುತ್ತದೆ. ಹುಳಿ ಪದಾರ್ಥವನ್ನು ರಾತ್ರಿಯಿಡೀ ಹಳೆಯ ಬಟ್ಟಲಿನಲ್ಲಿ ಇಡಬಾರದು. ಮಕ್ಕಳಿಗೆ, ಬಸುರಿಯರಿಗೆ ಹಳೆಯ ಬಣ್ಣದ ತಟ್ಟೆಯಲ್ಲಿ ಬಡಿಸಲೇಬಾರದು. 1936ರಲ್ಲಿ ಅಮೆರಿಕದಲ್ಲಿ ಬಂದ ಫಿಯೆಸ್ಟಾ ತಟ್ಟೆಗಳ ಮೊದಲಿನ ಕೆಂಪು ಗ್ಲೇಜಿನಲ್ಲಿ ಯುರೇನಿಯಂ ಇತ್ತು. ಅವು ನೋಡಲು, ಕೂಡಿಡಲು ಚೆನ್ನ, ಉಣ್ಣಲು ಅಲ್ಲ.

ತಳದ ಮುದ್ರೆ ಹೇಳುವುದೆಷ್ಟು

ಮುದ್ರೆಯಿಂದ ಕಾಲ ಊಹಿಸಬಹುದು, ಗುಣ ಅಳೆಯಲಾಗದು. 1890ರ ಅಮೆರಿಕದ ಸುಂಕದ ಕಾಯ್ದೆ ಆಮದು ಸರಕಿನ ಮೇಲೆ ದೇಶದ ಹೆಸರು ಇರಬೇಕೆಂದಿತು. ಹಾಗಾಗಿ ಬರೀ ‘ಇಂಗ್ಲೆಂಡ್’ ಎಂದಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು, ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ 20ನೇ ಶತಮಾನದ್ದು. ‘ನಿಪ್ಪಾನ್’ ಎಂದರೆ 1891ರಿಂದ 1921, ಆಮೇಲೆ ‘ಜಪಾನ್’, ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಎರಡನೇ ಮಹಾಯುದ್ಧ ಮುಗಿದು 1952ರವರೆಗಿನದು. ಬ್ರಿಟನ್ನಿನ ವಜ್ರಾಕಾರದ ನೋಂದಣಿ ಗುರುತು 1842ರಿಂದ 1883ರ ತನಕ ಮಾತ್ರ ಬಳಕೆಯಲ್ಲಿತ್ತು. ಅದರ ಒಂದು ಮೂಲೆಯ ಅಕ್ಷರ ಹೇಳುವುದು ವಿನ್ಯಾಸ ನೋಂದಾಯಿಸಿದ ವರ್ಷವನ್ನು, ತಟ್ಟೆ ತಯಾರಾದ ವರ್ಷವನ್ನಲ್ಲ.

ಡಿಶ್‌ವಾಷರ್‌ಗೆ ಸುರಕ್ಷಿತ ಎಂದು ಬರೆದಿದ್ದರೆ ಅದು ಹಳೆಯ ಚಿತ್ತಾರದ ಹೊಸ ತಯಾರಿಕೆ. ಊಟಕ್ಕಾಗಿ ಕೊಳ್ಳುವವರಿಗೆ ಅದು ಕೊರತೆಯಲ್ಲ, ಅನುಕೂಲ. ಮೈಸನ್‌ನ ಅಡ್ಡ ಕತ್ತಿಗಳ ಗುರುತನ್ನಂತೂ ಕಂಡಕಂಡವರೆಲ್ಲ ನಕಲು ಮಾಡಿದ್ದಾರೆ. ಅದೊಂದನ್ನೇ ನೆಚ್ಚಿ ಕೊಳ್ಳಬೇಡಿ.

ಚಮಚ, ಫೋರ್ಕು, ಚಾಕು: ಅಚ್ಚ ಬೆಳ್ಳಿಯೋ, ಲೇಪವೋ

ಸ್ಟರ್ಲಿಂಗ್ ಎಂದರೆ ಸಾವಿರದಲ್ಲಿ 925 ಭಾಗ ಬೆಳ್ಳಿ. ಇಂಗ್ಲೆಂಡಿನದಾದರೆ ನಡೆಯುವ ಸಿಂಹದ ಮುದ್ರೆ, ಪರೀಕ್ಷಿಸಿದ ಊರಿನ ಗುರುತು (ಬರ್ಮಿಂಗ್‌ಹ್ಯಾಮ್‌ಗೆ ಲಂಗರು, ಲಂಡನ್‌ಗೆ ಚಿರತೆಯ ತಲೆ), ವರ್ಷದ ಅಕ್ಷರ, ತಯಾರಕರ ಗುರುತು ಸಾಲಾಗಿ ಇರುತ್ತವೆ. ಜರ್ಮನಿಯದರಲ್ಲಿ ಬಹುಪಾಲು 800 ಎಂಬ ಅಂಕಿ, ಜೊತೆಗೆ ಅರ್ಧಚಂದ್ರ ಮತ್ತು ಕಿರೀಟ. ಫ್ರಾನ್ಸಿನದರಲ್ಲಿ ಮಿನರ್ವಾ ದೇವಿಯ ತಲೆ.

ಲೇಪದ ಸಾಮಾನಿನಲ್ಲಿ ಇಪಿಎನ್‌ಎಸ್ (EPNS, ಎಲೆಕ್ಟ್ರೋಪ್ಲೇಟೆಡ್ ನಿಕಲ್ ಸಿಲ್ವರ್) ಎಂದಿರುತ್ತದೆ. ಒಳಗಿನ ಲೋಹ ಜರ್ಮನ್ ಸಿಲ್ವರ್. ಅದರಲ್ಲಿ ಇರುವುದು ತಾಮ್ರ, ಸತು, ನಿಕಲ್, ಬೆಳ್ಳಿಯ ಕಣವೂ ಇಲ್ಲ. ಅದರ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಕೂರಿಸುವ ವಿಧಾನಕ್ಕೆ ಎಲ್ಕಿಂಗ್ಟನ್ ಸಂಸ್ಥೆ 1840ರಲ್ಲಿ ಪೇಟೆಂಟ್ ಪಡೆಯಿತು. ಇಪಿಬಿಎಂ (EPBM) ಎಂದಿದ್ದರೆ ಒಳಗಿರುವುದು ಬ್ರಿಟಾನಿಯಾ ಮೆಟಲ್ ಎಂಬ, ತವರ ಹೆಚ್ಚಿರುವ ಮೃದು ಲೋಹ. ಬಡಿದರೆ ಮಂದ ಸದ್ದು, ಬೇಗ ನಗ್ಗುತ್ತದೆ, ಒಲೆಯ ಮೇಲಿಟ್ಟರೆ ಕರಗಿಯೇ ಹೋಗುತ್ತದೆ, ಮರುಲೇಪವೂ ಕಷ್ಟ. ಟೀ ಪಾತ್ರೆ, ಸಕ್ಕರೆ ಬಟ್ಟಲುಗಳಲ್ಲಿ ಇದು ಹೆಚ್ಚು. ಇವೆರಡರಲ್ಲಿ ಯಾವಾಗಲೂ ಇಪಿಎನ್‌ಎಸ್ ತೆಗೆದುಕೊಳ್ಳಿ.

ಯುರೋಪಿನ ಚಮಚಗಳ ಹಿಂದೆ ‘90’ ಎಂದು ಕಂಡು ತೊಂಬತ್ತು ಶೇಕಡಾ ಬೆಳ್ಳಿ ಎಂದುಕೊಂಡು ಮೋಸ ಹೋಗುವವರು ಬಹಳ. ಅದು ಹನ್ನೆರಡು ಊಟದ ಚಮಚ ಮತ್ತು ಹನ್ನೆರಡು ಫೋರ್ಕುಗಳಿಗೆ ಒಟ್ಟು ಬಳಸಿದ ಬೆಳ್ಳಿಯ ತೂಕ, ಗ್ರಾಂಗಳಲ್ಲಿ. ಹಾಗೆಂದು ಅದು ಕಳಪೆಯಲ್ಲ. 90 ಎಂದರೆ ಒಳ್ಳೆಯ ದಪ್ಪದ ಲೇಪ, ನಿತ್ಯದ ಊಟಕ್ಕೆ ನನ್ನ ಮೊದಲ ಶಿಫಾರಸೂ ಅದೇ.

ಸವೆತವನ್ನು ಎಲ್ಲಿ ನೋಡಬೇಕು? ಚಮಚವನ್ನು ಮಗುಚಿ. ಮೇಜಿಗೆ ತಾಗುವ ಉಬ್ಬಿನಲ್ಲಿ ಹಳದಿ ಬೂದು ಬಣ್ಣ ಇಣುಕಿದ್ದರೆ ಬೆಳ್ಳಿ ತೀರಿದೆ. ಫೋರ್ಕಿನ ಹಲ್ಲುಗಳ ತುದಿ ಒಂದೇ ಮಟ್ಟದಲ್ಲಿವೆಯೇ ನೋಡಿ. ಹೊರಗಿನ ಹಲ್ಲು ಮೊಂಡಾಗಿದ್ದರೆ ಅಥವಾ ಚಮಚದ ತುದಿ ಒಂದು ಮಗ್ಗುಲಿಗೆ ಸವೆದಿದ್ದರೆ ಬಹಳ ಉಂಡ ಸಾಮಾನು. ಅಚ್ಚ ಬೆಳ್ಳಿಯಲ್ಲಿ ಕೆತ್ತಿದ ಹೆಸರನ್ನು ಉಜ್ಜಿ ಅಳಿಸಿದ್ದರೆ ಆ ಜಾಗ ತೆಳುವಾಗಿರುತ್ತದೆ. ಬಾಯಿಯ ಉಸಿರು ಬಿಟ್ಟು ಆವಿ ಕೂತಾಗ ಹಳೆಯ ಅಕ್ಷರದ ನೆರಳು ಎದ್ದು ಕಾಣುತ್ತದೆ.

ಚಾಕುಗಳ ಕಥೆಯೇ ಬೇರೆ. ತುಕ್ಕು ಹಿಡಿಯದ ಉಕ್ಕನ್ನು ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ತಯಾರಿಸಿದ್ದು 1913ರಲ್ಲಿ. ಅದಕ್ಕಿಂತ ಹಿಂದಿನ ಚಾಕುವಿನ ಅಲಗು ಸಾದಾ ಉಕ್ಕು: ಹುಳಿ ತಾಗಿದರೆ ಕಪ್ಪಾಗುತ್ತದೆ, ಒದ್ದೆ ಬಿಟ್ಟರೆ ತುಕ್ಕು. ಆದ್ದರಿಂದ ಚಮಚ, ಫೋರ್ಕು ಎಷ್ಟೇ ಹಳೆಯದಿದ್ದರೂ ಚಾಕು ಮಾತ್ರ ಸ್ಟೇನ್‌ಲೆಸ್ ಎಂದು ಕೊರೆದದ್ದನ್ನೇ ಆರಿಸಿ. ಬೆಳ್ಳಿಯ ಹಿಡಿ ಬಹುತೇಕ ಟೊಳ್ಳು. ಒಳಗೆ ರಾಳ ಅಥವಾ ಸಿಮೆಂಟು ತುಂಬಿ ಅಲಗನ್ನು ಕೂರಿಸಿರುತ್ತಾರೆ. ಬಿಸಿನೀರಿನಲ್ಲಿ ನೆನೆಸಿದರೆ ರಾಳ ಸಡಿಲವಾಗಿ ಅಲಗು ಅಲುಗುತ್ತದೆ, ಒಳಗೆ ನೀರು ಸೇರಿ ಹಿಡಿ ಸೀಳುತ್ತದೆ. ಕೊಳ್ಳುವ ಮೊದಲು ಅಲಗು, ಹಿಡಿ ಎರಡನ್ನೂ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಕಿವಿಯ ಹತ್ತಿರ ಅಲುಗಾಡಿಸಿದಾಗ ಒಳಗೆ ಗಲಗಲ ಅಂದರೆ ಬಿಡಿ. ದಂತದ ಹಿಡಿಯ ಚಾಕುಗಳ ಮಾರಾಟಕ್ಕೆ ಅನೇಕ ದೇಶಗಳಲ್ಲಿ ಕಾನೂನಿನ ತಡೆ ಇದೆ. ಮುಟ್ಟುವ ಮುನ್ನ ಅದನ್ನು ತಿಳಿದುಕೊಳ್ಳಿ.

ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಮೊಟ್ಟೆ, ರಬ್ಬರ್ ಬ್ಯಾಂಡು, ಉಣ್ಣೆ ಬಟ್ಟೆ ಇವೆಲ್ಲ ಗಂಧಕದ ಮೂಲಗಳು. ಉಪ್ಪು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಗುಳಿ ಕೊರೆಯುತ್ತದೆ. ಗುಳಿ ಉಜ್ಜಿದರೆ ಹೋಗದು. ಅಲ್ಯೂಮಿನಿಯಂ ಹಾಳೆ ಹಾಸಿ ಸೋಡಾ ಕರಗಿಸಿದ ಬಿಸಿನೀರಿನಲ್ಲಿ ಬೆಳ್ಳಿ ಮುಳುಗಿಸುವ ಉಪಾಯ ಸಾದಾ ಚಮಚಗಳಿಗೆ ನಡೆಯುತ್ತದೆ. ಕೆತ್ತನೆ ಇದ್ದವಕ್ಕೆ ಬೇಡ, ಸಂದುಗಳಲ್ಲಿ ಕೂತ ಕಪ್ಪೂ ಹೋಗಿ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಟೊಳ್ಳು ಹಿಡಿಯ ಚಾಕುಗಳಿಗಂತೂ ಖಂಡಿತ ಬೇಡ. ದಿನಾ ಬಳಸಿ, ತೊಳೆದು, ಕೂಡಲೇ ಒರೆಸಿಟ್ಟ ಬೆಳ್ಳಿಗೆ ಪಾಲಿಶ್ ಬೇಕಾಗುವುದೇ ಅಪರೂಪ.

ಗಾಜು: ಅಚ್ಚಿನದು, ಕೊರೆದದ್ದು

ಅಚ್ಚಿನಲ್ಲಿ ಒತ್ತಿದ ಗಾಜಿನ ಮೇಲೆ ಅಚ್ಚಿನ ಜೋಡುಗೆರೆ ಕಾಣುತ್ತದೆ, ಮಾದರಿಯ ಮೂಲೆಗಳು ದುಂಡಗೆ, ನಯವಾಗಿ ಇರುತ್ತವೆ. ಕೈಯಿಂದ ಕೊರೆದ ಸೀಸದ ಕ್ರಿಸ್ಟಲ್‌ನ ಮೂಲೆಗಳು ಬೆರಳಿಗೆ ಚೂಪು, ಭಾರ ಹೆಚ್ಚು, ಮೀಟಿದರೆ ದೀರ್ಘ ನಾದ. ಯುರೋಪಿನ ನಿಯಮದ ಪ್ರಕಾರ ಸೀಸದ ಕ್ರಿಸ್ಟಲ್ ಎನ್ನಲು ಕನಿಷ್ಠ 24 ಶೇಕಡಾ ಸೀಸದ ಆಕ್ಸೈಡ್ ಇರಬೇಕು. ಊಟದ ಹೊತ್ತಿನಲ್ಲಿ ಸುರಿದು ಕುಡಿಯುವಷ್ಟರಲ್ಲಿ ಇಳಿಯುವ ಸೀಸ ಅತ್ಯಲ್ಪ. ಆದರೆ ಡಿಕ್ಯಾಂಟರ್ ಎಂಬ ಗಾಜಿನ ಹೂಜಿಯಲ್ಲಿ ದಿನಗಟ್ಟಲೆ ಪಾನೀಯ ತುಂಬಿಟ್ಟರೆ ಅದು ಏರುತ್ತಲೇ ಹೋಗುತ್ತದೆ. ರಾತ್ರಿ ಉಳಿದದ್ದನ್ನು ಬಾಟಲಿಗೆ ಮರಳಿಸಿ.

ನೀರಿಗೆ, ನಿತ್ಯಕ್ಕೆ ಅಚ್ಚಿನ ಗಾಜೇ ಸರಿ. ದಪ್ಪ, ಬಹುಪಾಲು ಸೀಸವಿಲ್ಲದ್ದು, ಬಿಡಿಯಾಗಿ ಜೋಡಿಸಲು ಸುಲಭ. ಹಳದಿ ಹಸಿರು ಗಾಜು ನೇರಳಾತೀತ ದೀಪಕ್ಕೆ ಕಡುಹಸಿರಾಗಿ ಹೊಳೆದರೆ ಅದರಲ್ಲಿ ಯುರೇನಿಯಂ ಇದೆ. ಕಪಾಟಿನಲ್ಲಿಡಲು ಭಯವಿಲ್ಲ, ತಿನ್ನಲು ಕುಡಿಯಲು ಬೇಡ.

ಮಬ್ಬಾದ ಲೋಟ ಕಂಡರೆ ಒಳಗೆ ವಿನಿಗರ್ ಸವರಿ ಅರ್ಧ ಗಂಟೆ ಬಿಡಿ. ಗಡಸು ನೀರಿನ ಸುಣ್ಣವಾದರೆ ಕರಗುತ್ತದೆ. ಡಿಶ್‌ವಾಷರ್ ಗಾಜಿನ ಮೈಯನ್ನೇ ತಿಂದಿದ್ದರೆ ಯಾವುದಕ್ಕೂ ಹೋಗುವುದಿಲ್ಲ. ಮೋಸ ಏನೆಂದರೆ ಒದ್ದೆಯಾಗಿದ್ದಾಗ ಎರಡೂ ಸ್ವಚ್ಛವಾಗಿ ಕಾಣುತ್ತವೆ, ಆದ್ದರಿಂದ ಪೂರಾ ಒಣಗಿಸಿ ನೋಡಿ. ಬಾಯಿಯ ಅಂಚನ್ನು ಉಜ್ಜಿ ಚಕ್ಕೆ ಮರೆಮಾಡಿದ್ದರೆ ಆ ಲೋಟ ಅದರ ಜೊತೆಯವಕ್ಕಿಂತ ಒಂದೆರಡು ಮಿಲಿಮೀಟರ್ ಗಿಡ್ಡ. ಅಂಚು ದುಂಡಗಿರದೆ ಚಪ್ಪಟೆ.

ಲೋಹದ ಬಡಿಸುವ ಪಾತ್ರೆಗಳ ಬಗ್ಗೆ ಹೇಳುವುದು ಸ್ವಲ್ಪವೇ. ತಾಮ್ರ, ಹಿತ್ತಾಳೆಗೆ ಒಳಗೆ ಕಲಾಯಿ ಪೂರ್ತಿ ಇರಬೇಕು. ಕೆಂಪು ಅಥವಾ ಹಳದಿ ಲೋಹ ಇಣುಕಿದರೆ ಹುಳಿ ಹಾಕಬೇಡಿ, ಕಿಲುಬು ಏಳುತ್ತದೆ. ತವರದ ಮಿಶ್ರಲೋಹವಾದ ಹಳೆಯ ಪ್ಯೂಟರ್‌ನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ಅದು ಅಲಂಕಾರಕ್ಕೆ.

ಪೂರ್ತಿ ಸೆಟ್ಟೋ, ಬಿಡಿ ಬಿಡಿಯೋ

ಹನ್ನೆರಡು ಜನರ ಪೂರ್ತಿ ಸೆಟ್ಟಿನಲ್ಲಿ ನಿಮಗೆ ಬೇಕಾದದ್ದು ಅರ್ಧವೂ ಇರದು. ಮುಚ್ಚಳದ ದೊಡ್ಡ ಪಾತ್ರೆ, ಸಾರು ಬಡಿಸುವ ದೋಣಿಯಾಕಾರದ ಪಾತ್ರೆ, ಪುಟ್ಟ ತಟ್ಟೆಗಳ ಅಟ್ಟಣಿಗೆ ಕಪಾಟು ತುಂಬುತ್ತವೆ. ಬಿಡಿಯಾಗಿ ಕೂಡಿಸುವುದರಲ್ಲಿ ಸ್ವಾತಂತ್ರ್ಯವಿದೆ, ಆದರೆ ಅಳತೆ ಪಟ್ಟಿ ಕೈಯಲ್ಲಿರಬೇಕು. ಹಳೆಯ ಊಟದ ತಟ್ಟೆ ಹಲವು ಬಾರಿ 24 ಸೆಂಟಿಮೀಟರ್ ಅಷ್ಟೇ. ಈಗಿನವು 27 ದಾಟುತ್ತವೆ. ತಟ್ಟೆಯ ಒಟ್ಟು ಅಗಲ, ನಡುವಿನ ಸಪಾಟು ಜಾಗ, ತಳದ ಕಾಲುಂಗುರದ (ತಟ್ಟೆ ನಿಲ್ಲುವ ಉಬ್ಬು ಬಳೆಯ) ಅಗಲ, ಈ ಮೂರನ್ನೂ ಅಳೆಯಿರಿ. ಕೊನೆಯದು ಹೊಂದದಿದ್ದರೆ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ, ಜಾರಿ ಅಂಚು ಒಡೆಯುತ್ತದೆ.

ಬೇರೆ ಬೇರೆ ಚಿತ್ತಾರ ಬೆರೆಸುವಾಗ ಬಿಳುಪನ್ನು ಬೆರೆಸಬೇಡಿ. ಕೆನೆಬಿಳುಪಿನ ಬೋನ್ ಚೈನಾ ಪಕ್ಕದಲ್ಲಿ ನೀಲಿಛಾಯೆಯ ಪಿಂಗಾಣಿ ಇಟ್ಟರೆ ಒಂದು ಕೊಳೆಯಾದಂತೆ ಕಾಣುತ್ತದೆ. ಹೂವು, ಗೆರೆ, ಕಾಲ ಯಾವುದು ಬೇಕಾದರೂ ಬೇರೆಯಾಗಿರಲಿ.

ಕೊಳ್ಳುವಾಗ ನೋಡುವುದು, ತಂದ ಮೇಲೆ ಮಾಡುವುದು

ಸಣ್ಣ ಟಾರ್ಚು ಮತ್ತು ನೇರಳಾತೀತ ದೀಪ ಜೊತೆಗಿಟ್ಟುಕೊಳ್ಳಿ. ಟೀ ಕಪ್ಪಿನೊಳಗೆ ಟಾರ್ಚು ಹಿಡಿದರೆ ಹಿಡಿಯ ಬುಡದ ಕೂದಲೆಳೆ ಬಿರುಕು ಕಪ್ಪು ಗೆರೆಯಾಗಿ ಕಾಣುತ್ತದೆ. ರಿಪೇರಿ ಮಾಡಿ ಬಣ್ಣ ಬಳಿದ ಜಾಗ ನೇರಳಾತೀತ ಬೆಳಕಿನಲ್ಲಿ ಸಾಮಾನ್ಯವಾಗಿ ಸುತ್ತಲಿಗಿಂತ ಬೇರೆಯಾಗಿ ಹೊಳೆಯುತ್ತದೆ. ಅಂಟಿಸಿದ ತಟ್ಟೆಗೆ ಬಿಸಿ ಊಟ ಬಡಿಸಬಾರದು, ಅಂಟು ಮೆದುವಾಗುತ್ತದೆ. ಚಾಕುವಿನಿಂದಾದ ಬೂದುಗೆರೆಗಳಿಗೆ ಹೆದರಬೇಕಿಲ್ಲ. ಅವು ಬಹುಪಾಲು ಲೋಹದ ಗುರುತು; ಅಡಿಗೆ ಸೋಡಾವನ್ನು ನೀರಿನಲ್ಲಿ ಕಲಸಿ ಮೆದು ಬಟ್ಟೆಯಿಂದ ಉಜ್ಜಿದರೆ ಮಾಸುತ್ತವೆ. ಉಗುರಿಗೆ ತಡೆಯುವ ಗೀರು ಮಾತ್ರ ಗ್ಲೇಜನ್ನೇ ಕೊರೆದದ್ದು.

ಗ್ಲೇಜ್ ಬಲೆಯಂತೆ ಸೀಳಿರುವ ಮಣ್ಣಿನ ತಟ್ಟೆಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಮೂಸಿ ನೋಡಿ. ಹಳೆಯ ಎಣ್ಣೆಯ ಕಮಟು ವಾಸನೆ ಬಂದರೆ ಒಳಗೆ ಜಿಡ್ಡು ಇಳಿದಿದೆ. ಅಲಂಕಾರಕ್ಕಾದರೂ ಕಲೆ ತೆಗೆಯಬೇಕಿದ್ದರೆ ಮೊದಲು ಒಂದು ದಿನ ಶುದ್ಧ ನೀರಿನಲ್ಲಿ ನೆನೆಸಿ, ಆಮೇಲೆ 3ರಿಂದ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅದ್ದಿದ ಹತ್ತಿಯನ್ನು ಕಲೆಯ ಮೇಲೆ ಹಾಸಿ, ಪ್ಲಾಸ್ಟಿಕ್ ಹೊದಿಸಿ. ಕೈಗವಸು ಇರಲಿ. ಹತ್ತಿ ಒಣಗುವ ಮುನ್ನ ಬದಲಿಸುತ್ತ ಹಲವು ದಿನ ಮಾಡಬೇಕು. ಚಿನ್ನದ ಗೆರೆ, ಗ್ಲೇಜಿನ ಮೇಲಿನ ಬಣ್ಣ ಇರುವಲ್ಲಿ ಇದು ಬೇಡ. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ಎಲ್ಲಿಯೂ ಬೇಡ: ಅದರ ಲವಣ ರಂಧ್ರದೊಳಗೆ ಉಳಿದು, ಒಣಗಿ ಹರಳಾಗಿ, ತಿಂಗಳುಗಳ ನಂತರ ಗ್ಲೇಜನ್ನೇ ಎಬ್ಬಿಸುತ್ತದೆ.

ತೊಳೆಯುವುದು ಪ್ಲಾಸ್ಟಿಕ್ ಟಬ್ಬಿನಲ್ಲಿ, ತಳಕ್ಕೆ ಟವೆಲ್ ಹಾಸಿ, ಕೈಗೆ ಹಿತವಾದ ಸುಮಾರು 40 ಡಿಗ್ರಿ ನೀರಿನಲ್ಲಿ, ಒಂದು ಸಲಕ್ಕೆ ಒಂದೇ. ಉಂಗುರ, ಬಳೆ ತೆಗೆದಿಡಿ. ಡಿಶ್‌ವಾಷರಿನ ಕ್ಷಾರ ಮತ್ತು ಬಿಸಿ ಚಿನ್ನದ ಗೆರೆಯನ್ನು ಒಂದೊಂದೇ ತೊಳೆತಕ್ಕೆ ತೆಳುಮಾಡುತ್ತದೆ. ಬೆಳ್ಳಿ ಮತ್ತು ಸ್ಟೀಲ್ ಚಮಚ ಒಂದೇ ಬುಟ್ಟಿಯಲ್ಲಿ ತಾಗಿಕೊಂಡರೆ ಬೆಳ್ಳಿಯ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ. ಚಿನ್ನ, ಬೆಳ್ಳಿಯ ಗೆರೆ ಇರುವ ಯಾವುದೂ ಮೈಕ್ರೋವೇವ್‌ಗೆ ಹೋಗಬಾರದು, ಕಿಡಿ ಹಾರುತ್ತದೆ. ಜೋಡಿಸುವಾಗ ಪ್ರತಿ ಎರಡು ತಟ್ಟೆಗಳ ನಡುವೆ ಮೆದು ಕಾಗದ ಅಥವಾ ಬಟ್ಟೆಯ ತುಂಡು ಇಡಿ, ಏಕೆಂದರೆ ಮೇಲಿನ ತಟ್ಟೆಯ ಗ್ಲೇಜಿಲ್ಲದ ಕಾಲುಂಗುರ ಕೆಳಗಿನದರ ಮೈಯನ್ನು ಮರಳು ಕಾಗದದಂತೆ ತೀಡುತ್ತದೆ. ಕಪ್ಪುಗಳನ್ನು ಹಿಡಿಯಿಂದ ಕೊಕ್ಕೆಗೆ ನೇತುಹಾಕಬೇಡಿ. ಹಿಡಿಯನ್ನು ಹಸಿ ಮಣ್ಣಿನಲ್ಲಿ ಬೇರೆಯಾಗಿ ಮಾಡಿ ಕಪ್ಪಿಗೆ ಅಂಟಿಸಿರುತ್ತಾರೆ, ಹಳೆಯ ಕಪ್ಪು ಮೊದಲು ಬಿಟ್ಟುಕೊಳ್ಳುವುದು ಆ ಬೆಸುಗೆಯಲ್ಲೇ.